ಗಾಳಿಯಿಲ್ಲದ ಜಾಗದಲ್ಲಿ ಹಾರ್ಮೋನಿಯಂ

ಮೇಷ್ಟ್ರು: ಪದ್ಯ ಇಲ್ಲ ಅಂದ್ಮೇಲೆ ಅದು ನಾಟಕ ಎಂಗಾಯ್ತದೆ ಕಣ್ಲಾ? ಭಾಷಣ ಅನ್ನು, ಒಪ್ಕಂತೀನಿ. ಭಾಷಣಕ್ಕೆ ಮೈಕ್ ಸೆಟ್ಟಿನೋನು ಸಾಕು, ಹಾರ್ಮೋನಿಯಂ ಮೇಷ್ಟ್ರು ಯಾಕೆ?

ಸುಧಾಕರ್: ಪದ್ಯ ಬ್ಯಾಡ ಅಂತ ನಾನೆಲ್ಲಿ ಅಂದೆ ಮೇಷ್ಟ್ರೇ? ಚಂದ್ರನ ಮ್ಯಾಲೆ ಬ್ಯಾಡ ಅಂದೆ. ಭೂಮಿ ಮ್ಯಾಲೆ ಇರೋಗಂಟ ಎಷ್ಟಾದ್ರೂ ಏಳ್ಕಳ್ಲಿ.

ಮೇಷ್ಟ್ರು: ನಿನ್ನ ನಾಟಕದಾಗೆ ಭೂಮಿ ಎಷ್ಟೊತ್ತು ಬತ್ತದೆ?

ಸುಧಾಕರ್: ಮೊದಲ್ನೇ ಸೀನು.

ಮೇಷ್ಟ್ರು: ಆಮ್ಯಾಕೆ?

ಸುಧಾಕರ್: ಆಮ್ಯಾಕೆ ಚಂದ್ರ.

ಮೇಷ್ಟ್ರು: ಬೆಳಗಾಗೋಗಂಟ ಚಂದ್ರ. ಕೇಳಿಸ್ಕೊಂಡ್ಯಾ ತಾಯಿ ಸೆಲ್ವಿ? ಊಟಕ್ಕೆ ಕರ್ದು, ಎಲೆ ಹಾಕಿ, ಉಪ್ಪು ಬಡಿಸಿ, ಇನ್ನು ಕೈ ತೊಳ್ಕೋ ಅಂತಾನೆ ಇವನು.

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಶ್ರೀನಿವಾಸಪ್ಪನವರ ಮನೆ. ಸುತ್ತಲ ಹಳ್ಳಿಗಳಲ್ಲಿ ಯಾರು ಮುಖಕ್ಕೆ ಬಣ್ಣ ಬಳಿದುಕೊಳ್ಳಬೇಕಾದರೂ ಮೊದಲು ಈ ಮನೆಯ ಜಗುಲಿ ಹತ್ತಿ ಕೈ ಮುಗಿಯಬೇಕು. ಈ ಸಂಜೆ ಹತ್ತಿದವನು ಸುಧಾಕರ್. ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಡುವ ಕೆಲಸ ಅವನದು, ಆದರೆ ಆರು ತಿಂಗಳಿಂದ ತಲೆ ತುಂಬ ಚಂದ್ರ. ಅವನ ಊರಿನ ಹಾಲಿನ ಡೈರಿಗೆ ಹೊಸ ಕಟ್ಟಡ ಎದ್ದಿತ್ತು. ಅದರ ಪ್ರಾರಂಭೋತ್ಸವಕ್ಕೆ ಊರಿನವರೇ ಆಡುವ ನಾಟಕವೊಂದು ಬೇಕಿತ್ತು. ಯಾವಾಗಲೂ ಆಡುತ್ತಿದ್ದುದು ಪೌರಾಣಿಕ. ಈ ಸಲ ತಾನು ಬರೆದ ಸೈನ್ಸ್ ನಾಟಕ ಆಡಿ ಎಂದು ಸುಧಾಕರ್ ಕಂಡಕಂಡವರ ಬೆನ್ನು ಹತ್ತಿದ್ದ. ಕಮಿಟಿಯವರು ಅವನ ಕಾಟ ತಾಳಲಾರದೆ, "ಮೇಷ್ಟ್ರು ಒಪ್ಪಿದ್ರೆ ಚಂದ್ರ, ಒಪ್ಪದಿದ್ರೆ ಪುರಾಣ" ಎಂದು ಕೈ ತೊಳೆದುಕೊಂಡಿದ್ದರು. ಇವತ್ತು ಸಂಜೆ ಡೈರಿ ಅಧ್ಯಕ್ಷ ಕೋದಂಡಪ್ಪ ಫೋನ್ ಮಾಡಿ ಮೇಷ್ಟ್ರ ತೀರ್ಮಾನ ಕೇಳುವವನಿದ್ದ. ಕೇಳಿದ ಮೇಲೆ ಕರಪತ್ರ ಅಚ್ಚಿಗೆ ಹೋಗುತ್ತದೆ.

ನಾಟಕದ ಕತೆಯೇನೋ ಜೋರಾಗಿಯೇ ಇತ್ತು. ಚಂದ್ರನಲ್ಲಿ ಬಂಗಾರ ಸಿಕ್ಕಿದೆ. ರಾಕೆಟ್ ಬಿಡುವವರಿಗೆ ಮೇಲೆ ಹೋಗುವುದು ಗೊತ್ತು, ನೆಲದೊಳಕ್ಕೆ ಇಳಿಯುವುದು ಗೊತ್ತಿಲ್ಲ. ಹಾಗಾಗಿ ಮುಚ್ಚಿಹೋದ ಚಿನ್ನದ ಗಣಿಯ ಕೆಜಿಎಫ್‌ನವರನ್ನೇ ಹುಡುಕಿಕೊಂಡು ಬಂದು, ಚಂದ್ರನಲ್ಲಿ ಗಣಿ ತೋಡಲು ಕರೆದೊಯ್ಯುತ್ತಾರೆ. ಗಣಿಯ ಮೇಸ್ತ್ರಿಯೇ ನಾಯಕ, ಅದು ಕೋದಂಡಪ್ಪನ ಪಾತ್ರ. ಪಾತ್ರ ಹಿಡಿದವರು ಖರ್ಚಿಗೆ ತಮ್ಮ ಪಾಲು ಕೊಡಬೇಕು, ಕೊಟ್ಟವರು ತಮಗೆ ಹಾಡಲು ಎಷ್ಟು ಪದ್ಯ ಎಂದು ಕೇಳಬೇಕು, ಇದು ಆ ಕಡೆಯ ಹಳ್ಳಿ ನಾಟಕಗಳ ಪದ್ಧತಿ. ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದ ಕೋದಂಡಪ್ಪ ಎಲ್ಲರಿಗಿಂತ ಹೆಚ್ಚು ಪದ್ಯ ಕೇಳಿದ್ದ. ಅಲ್ಲಿಗೆ ವಿಜ್ಞಾನಕ್ಕೆ ಶನಿ ವಕ್ಕರಿಸಿತು.

ಸೆಲ್ವಿ ಕೆಜಿಎಫ್‌ನ ಊರಿಗಾಂನಿಂದ ಸಂಜೆಯ ರೈಲಿಗೆ ಬಂದಿದ್ದಳು. ಸ್ಕೂಲ್ ಯೂನಿಫಾರಂನಿಂದ ಹಿಡಿದು ರಾಜನ ಪೋಷಾಕಿನವರೆಗೆ ಹೊಲಿಯುವ ಟೈಲರ್ ಅವಳು. ಜಗುಲಿಯ ಇನ್ನೊಂದು ತುದಿಯಲ್ಲಿ ಕೂತು, ಚಂದ್ರಲೋಕದ ಬೆಳ್ಳಿಬಣ್ಣದ ಉಡುಪಿಗೆ ಕೈಹೊಲಿಗೆ ಹಾಕುತ್ತ, ಇಬ್ಬರ ಜಗಳವನ್ನೂ ಆನಂದವಾಗಿ ಕೇಳುತ್ತಿದ್ದಳು.

ಸುಧಾಕರ್: ಇದು ನನ್ನ ಹಟ ಅಲ್ಲ ಮೇಷ್ಟ್ರೇ. ಚಂದ್ರನ ಮ್ಯಾಲೆ ಗಾಳಿ ಇಲ್ಲ. ಗಾಳಿ ಇಲ್ದೆ ಸದ್ದು ಓಗಲ್ಲ. ನೀವು ಪಕ್ಕದಾಗೆ ನಿಂತ್ಕೊಂಡು ತಮಟೆ ಬಡಿದ್ರೂ ನಂಗೆ ಕೇಳ್ಸಲ್ಲ.

ಮೇಷ್ಟ್ರು: ಅಂಗಾದ್ರೆ ಮಾತು ಎಂಗೆ ಕೇಳ್ಸುತ್ತೆ? ನೀನು ಬರ್ದಿರೋರೆಲ್ಲ ಒಬ್ಬರ ಬಾಯಿಗೆ ಒಬ್ಬರು ಬಿದ್ದು ಮಾತಾಡ್ತಾವ್ರೆ.

ಸುಧಾಕರ್: ಅದಕ್ಕೆ ಹೆಲ್ಮೆಟ್ ಒಳಗೆ ರೇಡಿಯೋ ಮಡಗಿದೀನಿ.

ಮೇಷ್ಟ್ರು: ಮಾತು ಓಗೋ ದಾರೀಲಿ ಪದ್ಯ ಓದ್ರೆ ನಿಂದೇನಪ್ಪ ಗಂಟು ಓಗ್ತದೆ?

ಇದು ಸುಧಾಕರನಿಗೆ ಹೊಳೆದೇ ಇರಲಿಲ್ಲ. ಆದರೆ ಸೋತೆ ಎಂದು ಒಪ್ಪಿಕೊಳ್ಳಲು ಅವನೇನು ಈ ಜಗುಲಿಗೆ ಬಂದಿರಲಿಲ್ಲ.

ಸುಧಾಕರ್: ಆಯ್ತು, ಪದ್ಯ ಓಗ್ಲಿ. ನಿಮ್ಮ ಪೆಟ್ಟಿಗೆ? ಅದು ನುಡಿಯೋದೇ ಗಾಳಿಯಿಂದ. ಅಲ್ಲಿ ನೀವು ತಿದಿ ಒತ್ತಿದ್ರೆ ಒಳಗೇನು ತುಂಬ್ಕೊಳ್ಳುತ್ತೆ?

ಮೇಷ್ಟ್ರು: ನಾನ್ಯಾಕೆ ಚಂದ್ರನ ಮ್ಯಾಕೆ ಬರ್ಲಿ? ನಾನು ಸ್ಟೇಜ್ ಮುಂದೆ, ಕೆಳಗಡೆ ಕೂತಿರ್ತೀನಿ.

ಸುಧಾಕರ್: ಅದನ್ನೇ ಕೇಳ್ತಿರೋದು. ಆ ಕೆಳಗಡೆ ಅನ್ನೋದು ಚಂದ್ರನಾ, ಭೂಮಿನಾ?

ಮೇಷ್ಟ್ರು: ಡೈರಿ ಮುಂದಿನ ಬಯಲು ಕಣೋ.

ಸುಧಾಕರ್: ಅಂದ್ರೆ ಭೂಮಿ. ಭೂಮಿಯಿಂದ ಚಂದ್ರನಿಗೆ ರೇಡಿಯೋ ಮುಟ್ಟೋಕೆ ಒಂದು ಸೆಕೆಂಡಿನ ಮ್ಯಾಲಾಗುತ್ತೆ, ವಾಪಸ್ ಬರೋಕೆ ಇನ್ನೊಂದಷ್ಟು. ನೀವು ಶ್ರುತಿ ಕೊಟ್ಟು, ಅದು ಕೋದಂಡಪ್ಪನೋರಿಗೆ ಮುಟ್ಟಿ, ಅವ್ರು ಎತ್ಕೊಂಡು, ಅದು ನಿಮ್ಮ ಕಿವಿಗೆ ಬರೋ ವೊತ್ಗೆ ನಿಮ್ಮ ಕೈ ಮುಂದಿನ ಸಾಲಿಗೆ ಓಗಿರ್ತದೆ.

ಮೇಷ್ಟ್ರು: ಅಂದ್ರೆ ತಾಳ ತಪ್ತದೆ.

ಸುಧಾಕರ್: ಪ್ರತಿ ಸಾಲಿಗೂ ತಪ್ತದೆ.

ಮೇಷ್ಟ್ರ ಮುಖ ಗಂಭೀರವಾಯಿತು. ಗಾಳಿ ಇಲ್ಲವೆಂದಾಗ ಬೆಚ್ಚದವರು ತಾಳ ತಪ್ಪುತ್ತದೆ ಎಂದ ಕೂಡಲೇ ಕಾಲು ಮಡಚಿ ನೆಟ್ಟಗೆ ಕೂತರು. ಮೊದಲ ಸಲ ಈ ಹುಡುಗನ ನಾಟಕದಲ್ಲಿ ತಮಗೂ ಒಂದು ಅಪಾಯವಿದೆ ಎಂದು ಅವರಿಗೆ ಅನ್ನಿಸಿತು.

ಮೇಷ್ಟ್ರು: ಅದಾಗಲ್ಲ. ನನ್ನ ಮುಂದೆ ತಾಳ ತಪ್ಪಂಗಿಲ್ಲ. ಪೆಟ್ಟಿಗೇನ ಚಂದ್ರನಿಗೇ ಹತ್ಸು. ಅಲ್ಲಿ ನಿಮ್ಮೋರು ಮಲಗೋಕೆ ಒಂದು ಮನೆ ಅಂತ ಇಲ್ವಾ?

ಸುಧಾಕರ್: ಕ್ಯಾಂಪ್ ಐತೆ. ಒಳಗೆ ಗಾಳಿ ತುಂಬಿರ್ತಾರೆ.

ಮೇಷ್ಟ್ರು: ಅದರೊಳಗೆ ಕೂತ್ಕೊಂಡು ನುಡಿಸ್ತೀನಿ. ಮೈಕ್ ಇಟ್ಟು ಕೋದಂಡಪ್ಪನ ರೇಡಿಯೋಕ್ಕೆ ಕೊಡು. ದೂರ ಇಲ್ಲ, ತಡ ಇಲ್ಲ. ಸರಿ ತಾನೇ?

ಸುಧಾಕರ್: ಸರಿ. ಆದ್ರೆ ನೂರಾರು ಕೋಟಿ ಖರ್ಚು ಮಾಡಿ ಗಣಿ ತೋಡೋಕೆ ಓಗೋರು ಹಾರ್ಮೋನಿಯಂ ಮೇಷ್ಟ್ರನ್ನ ಯಾಕೆ ಕರ್ಕೊಂಡು ಓಗ್ತಾರೆ?

ಸೆಲ್ವಿ: ಅದು ಕರೆಕ್ಟಾಗೈತೆ ಅಣ್ಣಾ. ನಮ್ಮ ಕೆಜಿಎಫ್‌ನೋರು ಎಲ್ಲಿಗೆ ಹೋದ್ರೂ ಮೊದ್ಲು ಒಂದು ಪಾಟು ಪಾರ್ಟಿ, ಹಾಡೋರ ಗುಂಪು, ಕಟ್ತಾರೆ. ಆಮೇಲೆನೇ ಕೆಲ್ಸ. ಅದನ್ನ ಯಾರೂ ಡೌಟ್ ಪಡಲ್ಲ.

ಮೇಷ್ಟ್ರು: ನೋಡ್ದಾ? ಜನ ಯಾವುದನ್ನ ನಂಬ್ತಾರೆ ಅಂತ ಟೈಲರಮ್ಮನಿಗೆ ಗೊತ್ತು, ನಿನಗೆ ಗೊತ್ತಿಲ್ಲ.

ಒಳಗಿನಿಂದ ಟೀ ಬಂತು. ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯ ರೈಲು ಬರುತ್ತಿದೆ ಎಂದು ಮೂರು ಭಾಷೆಯಲ್ಲಿ ಕೂಗಿದರು. ಸುಧಾಕರ್ ಟೀ ಹಿಡಿದುಕೊಂಡು, ಒಂದು ಪದ್ಯಕ್ಕೆ ಒಪ್ಪಿ ಮುಗಿಸಿಬಿಡಲೇ ಎಂದು ಯೋಚಿಸಿದ. ಆದರೆ ಮೇಷ್ಟ್ರು ಈಗ ಬಿಸಿಯೇರಿದ್ದರು.

ಮೇಷ್ಟ್ರು: ಒಂದು ಮಾತು ಏಳು. ನಮ್ಮ ಪೌರಾಣಿಕದಾಗೆ ಆಕಾಶದಿಂದ ರಥ ಇಳೀತದೆ. ಪೆಟ್ರೋಲ್ ಎಲ್ಲಿ ಹಾಕಿಸ್ದೆ ಅಂತ ಯಾವನಾದ್ರೂ ಕೇಳವ್ನಾ? ನಿಂದೂ ಆಕಾಶಾನೇ. ನಿಂಗ್ಯಾಕೆ ಇಷ್ಟೊಂದು ಮಡಿ?

ಸುಧಾಕರ್: ಅಲ್ಲಿ ಮಂತ್ರ ಏಳಿದ್ರೆ ಆಗೋಯ್ತದೆ. ಇಲ್ಲಿ ಯಾಕಾಯ್ತು, ಎಂಗಾಯ್ತು ಅಂತ ಜವಾಬು ಕೊಡ್ಬೇಕು. ಕೊಡದಿದ್ರೆ ಅದು ಸೈನ್ಸ್ ನಾಟಕ ಅಲ್ಲ.

ಸೆಲ್ವಿ: ಅಣ್ಣಾ, ಚಂದ್ರನಲ್ಲಿ ನಿಜವಾಗ್ಲೂ ಬಂಗಾರ ಐತಾ?

ಸುಧಾಕರ್: ಗಣಿ ತೋಡೋವಷ್ಟು ಐತೆ ಅಂತ ಯಾರೂ ಕಂಡಿಲ್ಲ ಕಣಮ್ಮ.

ಸೆಲ್ವಿ: ಅಂದ್ರೆ ಸುಳ್ಳು.

ಸುಧಾಕರ್: ಅದು ಸುಳ್ಳಲ್ಲ. ಕಲ್ಪನೆ.

ಮೇಷ್ಟ್ರು: ನಾವು ಮಾಡಿದ್ರೆ ಸುಳ್ಳು, ನೀನು ಮಾಡಿದ್ರೆ ಕಲ್ಪನೆ. ಒಳ್ಳೆ ಚೆನ್ನಾಗೈತೆ. ಲೇ, ಮಂತ್ರಕ್ಕೆ ಕಟ್ಟುಪಾಡು ಇಲ್ಲ ಅಂದ್ಕಂಡ್ಯಾ? ರಾಕ್ಷಸ ತಪಸ್ಸು ಮಾಡ್ತಾನೆ, ದೇವರು ಒಂದು ವರ ಕೊಡ್ತಾನೆ. ಕೊಡೋಗಂಟ ದೇವರು ದೊಡ್ಡೋನು. ಕೊಟ್ಟ ಮ್ಯಾಲೆ ವರಾನೇ ದೊಡ್ಡದು. ಆಮ್ಯಾಕೆ ಆ ದೇವರೂ ವರ ಮೀರಂಗಿಲ್ಲ, ಎಲ್ಲಿ ಸಂದು ಐತೆ ಅಂತ ಹುಡುಕ್ಕೊಂಡು ನುಗ್ಬೇಕು. ನೀನೂ ಅಂಗೇ ಮಾಡು. ನಿಂಗೆ ಒಂದು ವರ ಕೊಡ್ತೀನಿ. ಒಂದೇ ಒಂದು ಸುಳ್ಳು ಕೇಳ್ಕೋ, ನಾವು ಕಣ್ಮುಚ್ಕೊಂಡು ನಂಬ್ತೀವಿ. ಆಮ್ಯಾಕೆ ನೀನು ಆ ಸುಳ್ಳಿನ ಆಳು. ಅದು ಏಳ್ದಂಗೆ ಕೇಳ್ಬೇಕು.

ಸುಧಾಕರ್ ಟೀ ಕೆಳಗಿಟ್ಟ. ಕಮಿಟಿಯವರಿಗೆ, ಹೆಂಡತಿ ಅಂಬಿಕಾಳಿಗೆ, ಮಾತ್ರೆ ಕೇಳಲು ಬಂದವರಿಗೆಲ್ಲ ತಿಂಗಳುಗಟ್ಟಲೆ ಅವನು ಹೇಳಲು ಒದ್ದಾಡಿದ್ದು ಇದನ್ನೇ. ಒಂದು ಸಲ ನಂಬಿಸು, ಉಳಿದದ್ದೆಲ್ಲ ಲೆಕ್ಕದ ಪ್ರಕಾರ ನಡೆಸು. ಅದನ್ನು ಈ ಮುದುಕ, ರಾಕ್ಷಸರಿಗೆ ಪದ್ಯ ಹೇಳಿಕೊಟ್ಟೇ ಹಣ್ಣಾದವನು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಹೇಳಿಬಿಟ್ಟಿದ್ದ. ಸುಧಾಕರನಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಸುಧಾಕರ್: ನನ್ನ ವರ ಬಂಗಾರ. ಚಂದ್ರನಲ್ಲಿ ಬಂಗಾರ ಐತೆ. ಮಿಕ್ಕಿದ್ದೆಲ್ಲ ನಿಜ.

ಮೇಷ್ಟ್ರು: ಬಂಗಾರ ಯಾಕೆ? ಗಾಳಿ ಕೇಳ್ಕೋ. ನಿಂದೂ ಸುಲಭ, ನಂದೂ ಸುಲಭ.

ಸುಧಾಕರ್: ಗಾಳಿ ಬಂದ್ರೆ ಅದು ಒಂದೇ ಬತ್ತದಾ ಮೇಷ್ಟ್ರೇ? ಧೂಳು ಏಳ್ತದೆ, ಮೋಡ ಕಟ್ತದೆ, ಮಳೆ ಬತ್ತದೆ, ರಾಗಿ ಬೆಳೀತದೆ. ಆಮ್ಯಾಕೆ ಅದು ಚಂದ್ರ ಅಲ್ಲ, ನಮ್ಮ ಪಕ್ಕದ ಬೇತಮಂಗಲ.

ಮೇಷ್ಟ್ರು: ಬೇತಮಂಗಲಕ್ಕೆ ಏನಾಗೈತೆ? ನಮ್ಮ ಅತ್ತೆ ಮನೆ ಅಲ್ಲೇ.

ಸೆಲ್ವಿ: ಅಣ್ಣಾ, ಮಾತು ಸಾಕು. ಇದನ್ನ ಒಂದ್ಸಲ ಹಾಕ್ಕೊಂಡು ನೋಡಿ, ನಾನು ಏಳೂವರೆ ರೈಲು ಹಿಡೀಬೇಕು.

ಅವಳು ಎತ್ತಿ ಹಿಡಿದದ್ದು ಹೆಲ್ಮೆಟ್. ಅಂಗಡಿಗಳಲ್ಲಿ ಕುಡಿಯುವ ನೀರು ತುಂಬಿಸಿ ಮಾರುವ ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ಕತ್ತು ಕತ್ತರಿಸಿ, ಅಂಚಿಗೆ ದಪ್ಪ ಸ್ಪಂಜು ಹೊಲಿದು, ಸುತ್ತ ಬೆಳ್ಳಿ ಟೇಪು ಸುತ್ತಿ ಮಾಡಿದ್ದಳು. ಸುಧಾಕರ್ ತಲೆ ತೂರಿಸಿದ. ಸೆಲ್ವಿ ಸ್ಪಂಜನ್ನು ಕುತ್ತಿಗೆಗೆ ಬಿಗಿದಳು. ಒಳಗೆ ಹೋದವನೇ ಸುಧಾಕರ್ ಬೇತಮಂಗಲದ ವಿಷಯದಲ್ಲಿ ತನ್ನ ವಾದ ಮುಂದುವರಿಸಿದ. ಕೈ ಆಡಿತು, ಹುಬ್ಬು ಏರಿತು, ಬಾಯಿ ಭರ್ಜರಿಯಾಗಿ ಓಡಿತು. ಆಚೆಗೆ ಬಂದದ್ದು ಮಾತ್ರ ಒಂದು ಗುಂಯ್.

ಮೇಷ್ಟ್ರು: ಏನಂತೆ?

ಸೆಲ್ವಿ: ಇನ್ನೊಂದು ಟೀ ಬೇಕಂತೆ, ನಂಗೆ ಹಂಗೆ ಕಾಣ್ತೈತೆ.

ಮೇಷ್ಟ್ರು: ಇಲ್ಲಮ್ಮ, ನನ್ನ ಬೈತಾವ್ನೆ. ಕಣ್ಣು ನೋಡು.

ಸೆಲ್ವಿ: ಒಳ್ಗಡೆ ಮೂಗಿಗೆ ಕೆರೆತ ಬಂದ್ರೆ ಏನ್ ಮಾಡ್ತೀರಾ ಅಂತ ಕೇಳಿ ಮೇಷ್ಟ್ರೇ. ನಿಜವಾದ ಚಂದ್ರನಿಗೆ ಹೋದೋರು ಏನ್ ಮಾಡ್ತಾರೋ.

ಅಷ್ಟು ಹೊತ್ತಿಗೆ ಹೆಲ್ಮೆಟ್ಟಿನೊಳಗೆ ಮಂಜು ಕಟ್ಟಿ ಸುಧಾಕರನ ಮುಖವೇ ಮಾಯವಾಗಿತ್ತು. ಮೇಷ್ಟ್ರು ನಗಲಿಲ್ಲ. ಆ ಮಸುಕನ್ನೇ ನೋಡುತ್ತ ಕೂತವರು, ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿದ್ದ ನಾಟಕದ ಪ್ರತಿಯ ಮೂರನೇ ಅಂಕ ತೆಗೆದರು. ಸೆಲ್ವಿ ಹೆಲ್ಮೆಟ್ ಬಿಚ್ಚಿದಾಗ ಸುಧಾಕರ್ ಬೆವರಿ ತೊಪ್ಪೆಯಾಗಿದ್ದ.

ಮೇಷ್ಟ್ರು: ಇಲ್ಲಿ ಗಣಿ ಹಾಜರಿ ಬರ್ಕೊಳ್ಳೋ ಟೈಮ್‌ಕೀಪರ್ ಅಂತ ಒಬ್ಬ ಸಾಯ್ತಾನಲ್ಲ, ಅದು ಯಾರ ಪಾತ್ರ?

ಸುಧಾಕರ್: ಅದು... ನಂದೇ.

ಮೇಷ್ಟ್ರು: ಎಂಗೆ ಸಾಯ್ತೀಯ?

ಸುಧಾಕರ್: ಆಚೆ ಕಲ್ಲು ಸಿಡೀತದೆ. ಮೇಸ್ತ್ರಿ ಗಾಳಿ ಸಿಲಿಂಡರ್ ತೂತಾಗ್ತದೆ, ಇಬ್ಬರ ರೇಡಿಯೋನೂ ಕೆಡ್ತದೆ. ಟೈಮ್‌ಕೀಪರ್ ತನ್ನ ಸಿಲಿಂಡರ್ ಬಿಚ್ಚಿ ಮೇಸ್ತ್ರಿಗೆ ಹಾಕ್ತಾನೆ. ಕೆಜಿಎಫ್ ಬಗ್ಗೆ ಮಾತಾಡ್ತಾ ಮಾತಾಡ್ತಾ ಪ್ರಾಣ ಬಿಡ್ತಾನೆ.

ಮೇಷ್ಟ್ರು: ಎಷ್ಟೊತ್ತು ಮಾತಾಡ್ತಾನೆ?

ಸುಧಾಕರ್: ಎರಡು ಪುಟ.

ಮೇಷ್ಟ್ರು: ಗಾಳಿ?

ಸುಧಾಕರ್ ಮುಖದ ಬೆವರು ಒರೆಸಿಕೊಂಡ.

ಮೇಷ್ಟ್ರು: ರೇಡಿಯೋ?

ಸುಧಾಕರ್ ಬಗ್ಗಿ ಆ ಎರಡು ಪುಟವನ್ನು ತಾನೇ ಓದತೊಡಗಿದ.

ಮೇಷ್ಟ್ರು: ಕೋದಂಡಪ್ಪನ ಒಂದು ಪದ್ಯಕ್ಕೆ ಚಂದ್ರ, ಸೂರ್ಯ, ಸೆಕೆಂಡು ಎಲ್ಲಾ ಅಡ್ಡ ಬಂದ್ವು. ನಿನ್ನ ಮಾತಿಗೆ ಯಾವುದೂ ಅಡ್ಡ ಬರ್ಲಿಲ್ವಾ? ಉಸಿರೂ ಬ್ಯಾಡ, ರೇಡಿಯೋನೂ ಬ್ಯಾಡ, ಎರಡು ಪುಟ ಹೊಡ್ದಿದೀಯ. ನಿನ್ನ ವರ ಬಂಗಾರಕ್ಕೆ ಖರ್ಚಾಗೋಯ್ತು ಕಣ್ಲಾ. ಇದಕ್ಕೆ ಇನ್ನೊಂದು ವರ ಎಲ್ಲಿಂದ ತರ್ತೀಯ?

ಸೆಲ್ವಿ: ಪಾವಂ ಮೇಷ್ಟ್ರೇ, ಬಿಡಿ.

ಹುಟ್ಟಿದಾಗಿನಿಂದ ಪೌರಾಣಿಕ ನೋಡಿದವನು ಸುಧಾಕರ್. ಆ ನಾಟಕಗಳಲ್ಲಿ ಎದೆಗೆ ಬಾಣ ನೆಟ್ಟ ಮೇಲೆಯೇ ರಾಜರು ನಿಧಾನವಾಗಿ ಎದ್ದು ಕೂತು, ಕಂದ ಹೇಳಿ, ವೃತ್ತ ಹೇಳಿ, ಮಕ್ಕಳಿಗೆ ಬುದ್ಧಿ ಹೇಳಿ, ಒನ್ಸ್ ಮೋರ್ ಬಂದರೆ ಇನ್ನೊಂದು ಸಲ ಹೇಳಿ ಸಾಯುತ್ತಾರೆ. ಸಾಯುವವನಿಗೆ ಮಾತು ಹೆಚ್ಚು ಎಂಬುದು ಅವನ ರಕ್ತದಲ್ಲೇ ಇತ್ತು. ರಾಕೆಟ್ಟಿನ ವೇಗ, ಸಿಲಿಂಡರಿನ ಅಳತೆ ಎಲ್ಲ ವಿಚಾರಿಸಿ ಬರೆದವನು, ಸಾವಿನ ಹತ್ತಿರ ಬಂದಾಗ ಊರಿನ ನಾಟಕದ ಅಭ್ಯಾಸಕ್ಕೇ ಬಿದ್ದುಹೋಗಿದ್ದ. ಮುಚ್ಚಿಡುವುದೇನು, ಆ ಎರಡು ಪುಟಕ್ಕಾಗಿಯೇ ಅವನು ಈ ನಾಟಕ ಬರೆದದ್ದು. ಇಷ್ಟು ವರ್ಷ ಬೇರೆಯವರ ಹಿಂದೆ ನಿಂತವನ ಮಾತನ್ನು ಊರು ಒಂದು ಸಲವಾದರೂ ಕೂತು ಕೇಳಲಿ ಎಂದು. ಗಣಿ ಮುಚ್ಚಿದ ದಿನದಿಂದ ಊರಿಗಾಂ, ಮಾರಿಕುಪ್ಪಂನ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಜನ ಹೇಗೆ ಬಾಳಿದರು ಎಂದು ಅದರಲ್ಲಿ ಬರೆದಿದ್ದ. ಬರೆಯುವಾಗ ಅತ್ತೂ ಇದ್ದ.

ಸುಧಾಕರ್: ಅದನ್ನ ತೆಗೆದ್ರೆ ನಾಟಕದಾಗೆ ನಂದೇನು ಉಳೀತದೆ ಮೇಷ್ಟ್ರೇ?

ಮೇಷ್ಟ್ರು: ತೆಗಿ ಅಂತ ಯಾರಂದ್ರು? ನಿಂತ್ಕೋ ಎದ್ದು. ಎರಡು ಪುಟಾನೂ ಏಳು. ಒಂದಕ್ಷರ ಬಿಡ್ಬೇಡ. ಸದ್ದು ಮಾತ್ರ ಬರಂಗಿಲ್ಲ.

ಸುಧಾಕರ್ ಎದ್ದು ನಿಂತ. ಮೇಷ್ಟ್ರು ಪೆಟ್ಟಿಗೆ ಎಳೆದುಕೊಂಡು ಶ್ರುತಿ ಹಿಡಿದರು. ಅವರ ನಾಟಕಗಳಲ್ಲಿ ಪರದೆ ಎದ್ದಾಗ ಶುರುವಾದ ಶ್ರುತಿ ಮಂಗಳದವರೆಗೆ ನಿಂತದ್ದಿಲ್ಲ, ಹಾವು ಕಚ್ಚಿದರೂ ನಿಲ್ಲಿಸುವವರಲ್ಲ. ಸುಧಾಕರ್ ಸಿಲಿಂಡರ್ ಬಿಚ್ಚಿದಂತೆ ಮಾಡಿದ. ಅಷ್ಟಕ್ಕೇ ಮೇಷ್ಟ್ರು ಶ್ರುತಿ ನಿಲ್ಲಿಸಿ ಪೆಟ್ಟಿಗೆಯಿಂದ ಎರಡೂ ಕೈ ಮೇಲೆತ್ತಿದರು.

ಜಗುಲಿ ಮೌನವಾಯಿತು. ಸುಧಾಕರ್ ಬರೆದದ್ದನ್ನೆಲ್ಲ ಬಾಯಲ್ಲಿ ಆಡಿಸಿದ. ಮೊದಲೆರಡು ಸಾಲು ನಾಚಿಕೆಯಾಯಿತು. ಆಮೇಲೆ ನಾಚಿಕೆ ಮರೆತುಹೋಯಿತು. ಮೇಸ್ತ್ರಿಯ ಹೆಗಲು ಹಿಡಿದ, ದೂರದಲ್ಲಿರುವ ಭೂಮಿಯನ್ನು ತೋರಿಸಿದ, ಅಲ್ಲಿ ಯಾವ ಬೀದಿ, ಯಾವ ಮನೆ ಎಂದು ಬೆರಳಿಟ್ಟು ಹೇಳಿದ, ಕೂತ, ಉಸಿರಿಗೆ ಒದ್ದಾಡಿದ, ಹೇಳಬೇಕಾದ್ದು ಇನ್ನೂ ಇರುವಾಗಲೇ ಅವನ ಬಾಯಿ ನಿಂತಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಸೈಕಲ್ ನಿಲ್ಲಿಸಿ ನೋಡಿದರು.

ಸೆಲ್ವಿಯ ಕೈಯಲ್ಲಿ ಸೂಜಿ ಹಾಗೇ ಇತ್ತು. ಅವಳ ಅಪ್ಪ ಗಣಿಯ ಶಾಫ್ಟ್ ಇಳಿಯುತ್ತಿದ್ದವರು.

ಸೆಲ್ವಿ: ಅಣ್ಣಾ, ಆ ಕೊನೇಲಿ ತೋರಿಸಿದ್ರಲ್ಲ, ಅದು ನಮ್ಮ ಲೈನ್ ಮನೆ ತಾನೇ? ನಂಗೆ ಗೊತ್ತಾಯ್ತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಧಾಕರ್ ಆ ಜಾಗದಲ್ಲಿ ಬರೆದಿದ್ದುದು ಚರ್ಚಿನ ಗಂಟೆಯ ಬಗ್ಗೆ. ಆದರೆ ಅದನ್ನು ಹೇಳುವಷ್ಟು ಪೆದ್ದ ಅವನಲ್ಲ.

ಮೇಷ್ಟ್ರು: ನೋಡ್ದಾ? ನೀನು ಬಾಯಿಬಿಟ್ಟು ಏಳಿದ್ರೆ ನಿನ್ನ ಮಾತು ಕೇಳಿಸ್ತಿತ್ತು. ಈಗ ಒಬ್ಬೊಬ್ಬರಿಗೂ ಅವರವರ ಮಾತು ಕೇಳಿಸ್ತದೆ. ಗಾಳಿ ಇಲ್ಲ ಅನ್ನೋ ನಿನ್ನ ಸೈನ್ಸು ಈಗ ಕೆಲ್ಸ ಮಾಡ್ತು. ಇಷ್ಟೊತ್ತು ಬರೀ ಜಗಳ ಮಾಡ್ತಿತ್ತು.

ಸುಧಾಕರನಿಗೆ ಮಾತು ಹೋಯಿತೆಂಬ ಸಂಕಟ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಏನೋ ದೊಡ್ಡದು ಸಿಕ್ಕಿದಂತಿತ್ತು. ಅವನು ಬಗ್ಗಿ ಮೇಷ್ಟ್ರ ಕಾಲು ಮುಟ್ಟುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೋದಂಡಪ್ಪ.

ಮೇಷ್ಟ್ರು: ಹಲೋ, ಏಳಪ್ಪ ಕೋದಂಡಪ್ಪ. ಹೂಂ, ತೀರ್ಮಾನ ಆಯ್ತು. ಚಂದ್ರಾನೇ. ಅಚ್ಚಿಗೆ ಕೊಡು... ನಿನ್ನ ಪದ್ಯಾನಾ? ಒಂದೂ ಕಮ್ಮಿ ಮಾಡಿಲ್ಲ. ನಿನ್ನ ಮನಸ್ಸಿಗೆ ಬೇಜಾರು ಮಾಡ್ತೀನಾ? ಇನ್ನೂ ಎರಡು ಸೇರ್ಸಿದೀನಿ... ಎಲ್ಲಾನೂ ಮೂರನೇ ಅಂಕಕ್ಕೆ ಮಡಗಿದೀನಿ, ಕಲ್ಲು ಸಿಡಿದು ರೇಡಿಯೋ ಕೆಟ್ಟ ಮ್ಯಾಲೆ, ಕ್ಯಾಂಪಿನಿಂದ ಆಚೆ, ಹೆಲ್ಮೆಟ್ ಬಿಚ್ಚದೆ ನಿಂತ್ಕೊಂಡು... ಹೂಂ, ಬಾಯ್ತುಂಬ ಏಳು, ಒಂದಿಷ್ಟೂ ಹಿಡೀಬ್ಯಾಡ. ಆಯ್ತು, ಮಡಗು.

ಫೋನ್ ಕೆಳಗಿಟ್ಟು ಮೇಷ್ಟ್ರು ಎಲೆಗೆ ಸುಣ್ಣ ಸವರತೊಡಗಿದರು.

ಸುಧಾಕರ್: ಮೇಷ್ಟ್ರೇ, ಅಲ್ಲಿ ನಿಂತು ಏಳಿದ್ರೆ ಒಂದು ಪದ್ಯಾನೂ ಯಾರಿಗೂ ಕೇಳ್ಸಲ್ವಲ್ಲ. ಪದ್ಯ ಬೇಕೇ ಬೇಕು ಅಂತ ಇಷ್ಟೊತ್ತು ನನ್ನ ಪ್ರಾಣ ತಿಂದ್ರಲ್ಲ?

ಮೇಷ್ಟ್ರು: ಪದ್ಯ ಬೇಕು ಅಂದೆ, ಕೋದಂಡಪ್ಪನ ಬಾಯಲ್ಲಿ ಬೇಕು ಅಂತ ನಾನೆಲ್ಲಿ ಅಂದೆ? ಅವನು ಪಕ್ಕದಾಗೆ ನಿಂತು ಎತ್ಕೊಂಡ್ರೆ ನನ್ನ ಪೆಟ್ಟಿಗೆನೇ ಅಪಶ್ರುತಿ ಆಗೋಯ್ತದೆ. ಕೋದಂಡಪ್ಪ ಸೊಗಸಾಗಿ ಹಾಡಿದ ಅಂತ ಊರು ನಂಬ್ಬೇಕಾ? ಅದಕ್ಕೆ ಬಂಗಾರದ ವರ ಸಾಕಾಗಲ್ಲ ಕಣ್ಲಾ, ಗಾಳಿ ಇರಬಾರದು.